ಜಿಸ್ಯಾಟ್-24ಕ್ಕೆ ಇಂಧನ ತುಂಬಿದ ದಿನಗಳು

ಪೀತಜ್ವರದ ಲಸಿಕೆ ಹಾಕಿಸಿಕೊಂಡು ಬಂದ ಸಂಜೆ ಅವ್ವನಿಗೆ ಫೋನ್ ಮಾಡಿ, ಒಂದು ತಿಂಗಳು ಊರ ಕಡೆ ಬರೋಕಾಗಲ್ಲ, ಫ್ರೆಂಚ್ ಗಯಾನಾಕ್ಕೆ ಹೋಗ್ತಿದೀನಿ ಅಂದೆ. ಆ ಲಸಿಕೆಯ ಹಳದಿ ಪುಸ್ತಕ ಇಲ್ಲದಿದ್ದರೆ ಅಲ್ಲಿ ಒಳಗೇ ಬಿಡುವುದಿಲ್ಲ, ಅದೂ ಚುಚ್ಚಿಸಿಕೊಂಡು ಹತ್ತು ದಿನ ಕಳೆದಿರಬೇಕು.

"ಫ್ರಾನ್ಸಾ?" ಅಂದಳು.

"ಅಲ್ಲವ್ವ, ದಕ್ಷಿಣ ಅಮೆರಿಕ. ಆದ್ರೆ ಫ್ರಾನ್ಸಿಗೆ ಸೇರಿದ್ದು. ಕೂರೂ ಅಂತ ಊರು. ಅಲ್ಲಿಂದ ನಮ್ಮ ಉಪಗ್ರಹ ಹಾರಿಸ್ತಾರೆ."

"ಅಷ್ಟು ದೂರ ಯಾಕವ್ವ? ನಮ್ದೇ ಶ್ರೀಹರಿಕೋಟ ಇಲ್ವಾ?"

ಅವ್ವ ಕೇಳಿದ್ದು ಸರಿಯಾದ ಪ್ರಶ್ನೆ. ಜಿಸ್ಯಾಟ್-24ರ ತೂಕ 4,180 ಕೆ.ಜಿ. ಅದು ಹೋಗಬೇಕಾದ ಎತ್ತರದ ಕಡೆಗೆ ಭಾರ ಹೊರುವ ನಮ್ಮ ದೊಡ್ಡ ರಾಕೆಟ್ ಜಿಎಸ್‌ಎಲ್‌ವಿ ಮಾರ್ಕ್-3ರ ಶಕ್ತಿ ಆಗ ನಾಲ್ಕು ಟನ್‌ಗೆ ನಿಲ್ಲುತ್ತಿತ್ತು. ಇದು ಅವ್ವನಿಗೆ ಹೇಳಿದ ಉತ್ತರ. ನಮ್ಮಂಥ ಇಂಧನದ ಕೆಲಸದವರು ನಮ್ಮನಮ್ಮಲ್ಲೇ ಹೇಳಿಕೊಳ್ಳುವ ಉತ್ತರ ಇನ್ನೊಂದಿದೆ. ಉಪಗ್ರಹ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಕಕ್ಷೆ ಇರುವುದು ಭೂಮಧ್ಯರೇಖೆಯ ನೇರ ಮೇಲೆ, 35,786 ಕಿ.ಮೀ. ಎತ್ತರದಲ್ಲಿ. ಶ್ರೀಹರಿಕೋಟ ಆ ರೇಖೆಯಿಂದ ಹದಿಮೂರೂವರೆ ಡಿಗ್ರಿಗಿಂತ ಹೆಚ್ಚು ಉತ್ತರಕ್ಕಿದೆ, ಕೂರೂ ಬರೀ ಐದು ಡಿಗ್ರಿ. ರೇಖೆಯಿಂದ ದೂರ ಸರಿದಷ್ಟೂ ಕಕ್ಷೆ ಓರೆಯಾಗುತ್ತದೆ. ಆ ಓರೆಯನ್ನು ಮೇಲೆ ಹೋಗಿ ನೆಟ್ಟಗೆ ಮಾಡುವುದು ಉಪಗ್ರಹ, ತನ್ನ ಹೊಟ್ಟೆಯಲ್ಲಿರುವ ಇಂಧನವನ್ನೇ ಸುಟ್ಟು. ಅಲ್ಲಿ ಉಳಿಸಿದ್ದು ಮುಂದೆ ಆಯಸ್ಸಾಗಿ ಸಿಗುತ್ತದೆ. ಸಂಪರ್ಕ ಉಪಗ್ರಹಗಳಲ್ಲಿ ಬಹಳಷ್ಟು ಕೆಟ್ಟು ಸಾಯುವುದಿಲ್ಲ, ಇಂಧನ ತೀರಿ ನಿವೃತ್ತಿಯಾಗುತ್ತವೆ. ಸೂರ್ಯ ಚಂದ್ರರ ಸೆಳೆತ ಅವನ್ನು ಸದಾ ಜಾಗದಿಂದ ಎಳೆಯುತ್ತಲೇ ಇರುತ್ತದೆ. ಪ್ರತಿ ಸಲ ಮತ್ತೆ ಜಾಗಕ್ಕೆ ತರಲು ಒಂದಿಷ್ಟು ಖರ್ಚು. ಹಾಗಾಗಿ ನಾವು ತುಂಬುವುದು ಕಿಲೋ ಲೆಕ್ಕದಲ್ಲಾದರೂ ಮನಸ್ಸಿನಲ್ಲಿ ಎಣಿಸುವುದು ವರ್ಷಗಳನ್ನು.

ಈ ಉಪಗ್ರಹದಲ್ಲಿ ಆ ವರ್ಷಗಳಿಗೆ ಬೇರೆಯದೇ ಬೆಲೆ ಇತ್ತು. ಮುಂಚೆ ಉಪಗ್ರಹ ಮೇಲೆ ಹೋಗುತ್ತಿತ್ತು, ಆಮೇಲೆ ಅದರ ಟ್ರಾನ್ಸ್‌ಪಾಂಡರ್‌ಗಳನ್ನು, ಅಂದರೆ ಸಿಗ್ನಲ್ ಹಿಡಿದು ಮತ್ತೆ ಕೆಳಗೆ ಕಳಿಸುವ ಸಾಧನಗಳನ್ನು, ಯಾರಿಗೆ ಎಷ್ಟು ಕೊಡುವುದು ಎಂಬ ಮಾತು. 2019ರಲ್ಲಿ ಶುರುವಾದ, ಇಸ್ರೋದ ವಾಣಿಜ್ಯ ಅಂಗವಾದ ನ್ಯೂಸ್ಪೇಸ್ ಇಂಡಿಯಾ ಲಿಮಿಟೆಡ್ ಅದನ್ನು ತಿರುಗಿಸಿತು. ಮೊದಲು ಗಿರಾಕಿ, ಆಮೇಲೆ ಉಪಗ್ರಹ. ಹಾಗೆ ಬೇಡಿಕೆಯ ಮೇಲೆ ಕಟ್ಟಿದ ಮೊದಲನೆಯದು ಜಿಸ್ಯಾಟ್-24. ಅದರ 24 ಕೆಯು-ಬ್ಯಾಂಡ್ ಟ್ರಾನ್ಸ್‌ಪಾಂಡರ್‌ಗಳನ್ನೂ ಟಾಟಾ ಪ್ಲೇ ಬಾಡಿಗೆಗೆ ಹಿಡಿದಿತ್ತು. ದೇಶದ ಮನೆಮನೆಯ ಡಿಟಿಎಚ್ ತಟ್ಟೆಗಳಿಗೆ ಟಿ.ವಿ. ಚಾನೆಲ್ ಇಳಿಸುವ ಕೆಲಸ. ಆಯಸ್ಸು 15 ವರ್ಷ ಅಂತ ಕಾಗದದಲ್ಲಿ ಬರೆದಾಗಿತ್ತು. ಬರೆದವರು ಯಾರಾದರೂ ಆಗಿರಲಿ, ಅಷ್ಟು ವರ್ಷಗಳನ್ನು ಟ್ಯಾಂಕಿಗೆ ತುಂಬಬೇಕಾದವರು ನಾವು ಕೆಲವೇ ಜನ.

ಅವ್ವ ಆ ಫೋನಿನಲ್ಲೇ ಇನ್ನೊಂದು ಕೇಳಿದ್ದಳು. "ಮಳೆ ಬಂದ್ರೆ ಟಿ.ವಿ. ನಿಂತೋಯ್ತದಲ್ಲ, ನಿಮ್ದು ಮ್ಯಾಲ್ ಹೋದ್ಮೇಲೆ ಸರಿಯಾಯ್ತದಾ?" ಆಗಲ್ಲವ್ವ ಅಂದೆ. ಸುಳ್ಳು ಹೇಳಿ ಅವಳನ್ನು ಖುಷಿಪಡಿಸಲು ಮನಸ್ಸು ಬರಲಿಲ್ಲ. ಡಿಟಿಎಚ್‌ನ ಈ ಕೆಯು-ಬ್ಯಾಂಡ್ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿಯ ಮಳೆ ಅದನ್ನು ಹೀರಿಬಿಡುತ್ತದೆ, ಚದುರಿಸಿಬಿಡುತ್ತದೆ. ಆದರೆ ಇದೇ ಚಿಕ್ಕ ಅಲೆಯಿಂದಾಗಿಯೇ ನಮ್ಮ ಮನೆಯ ಹೆಂಚಿನ ಮೇಲೆ ಕೂತಿರುವ ತಟ್ಟೆ ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದಿದ್ದರೂ ಸಾಕಾಗುತ್ತದೆ. ಉದ್ದನೆ ಅಲೆಯ ಹಳೆಯ ಸಿ-ಬ್ಯಾಂಡ್ ಆಗಿದ್ದರೆ ಅಂಗಳದಲ್ಲಿ ಕಣದಷ್ಟು ದೊಡ್ಡ ತಟ್ಟೆ ನಿಲ್ಲಿಸಬೇಕಾಗುತ್ತಿತ್ತು.

ಬೆಂಗಳೂರಿನಲ್ಲಿ ನಡೆದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಮಾರತ್‌ಹಳ್ಳಿಯ ಜೋಡಣಾ ಕೇಂದ್ರದಲ್ಲಿ ಅದನ್ನು ಬಿಸಿ ಮಾಡಿದರು, ತಣ್ಣಗೆ ಮಾಡಿದರು, ನಿರ್ವಾತದಲ್ಲಿಟ್ಟರು, ನಡುಗಿಸಿದರು, ರಾಕೆಟ್ಟಿನ ಗರ್ಜನೆಯಷ್ಟೇ ಸದ್ದು ಕೇಳಿಸಿದರು. ಮೇ 2ರಂದು ಕಳುಹಿಸಲು ಒಪ್ಪಿಗೆ ಸಿಕ್ಕಿತು. ಮೇ 18, 2022ರಂದು ಸಿ-17 ಗ್ಲೋಬ್‌ಮಾಸ್ಟರ್ ವಿಮಾನದಲ್ಲಿ ಹೊರಟಿತು. ಟ್ಯಾಂಕು ಖಾಲಿ, ಸುತ್ತ ಒಣ ನೈಟ್ರೋಜನ್ ತುಂಬಿದ ಕಂಟೇನರ್, ದಾರಿಯ ಒಂದೊಂದು ಕುಲುಕನ್ನೂ ಬರೆದಿಡುವ ಯಂತ್ರ ಅದಕ್ಕೆ ಅಂಟಿಕೊಂಡಿತ್ತು. ನಾವು ಪ್ಯಾರಿಸ್ ಮೇಲೆ ಹಾದು ಫ್ರೆಂಚ್ ಗಯಾನಾದ ಕಯೆನ್ ಸೇರಿ, ಅಲ್ಲಿಂದ ರಸ್ತೆ ಹಿಡಿದೆವು.

ಕೂರೂ ಮೊದಲ ನೋಟಕ್ಕೆ ನನಗೆ ಪರದೇಶ ಅನ್ನಿಸಲಿಲ್ಲ. ಆ ತಿಂಗಳುಗಳಲ್ಲಿ ಅಲ್ಲಿ ಮಳೆಗಾಲ. ಕೆಂಪು ಮಣ್ಣು, ರಸ್ತೆ ಬದಿಯ ದಟ್ಟ ಕಾಡು, ಬಟ್ಟೆ ಒಣಗದ ತೇವ. ಜುಲೈನ ಸಕಲೇಶಪುರದ ಹಾಗೇ, ಬಿಸಿಲು ಮಾತ್ರ ನಮ್ಮ ಅರಸೀಕೆರೆ ಕಡೆಯದು. ಅಂಗಡಿಯಲ್ಲಿ ಫ್ರೆಂಚ್ ಮಾತು, ಯೂರೋ ದುಡ್ಡು. ಉಡಾವಣಾ ಕೇಂದ್ರದ ಕಾವಲಿಗೆ ಫ್ರಾನ್ಸಿನ ವಿದೇಶಿ ದಳದ ಸೈನಿಕರು. ಕಡಲಿನೊಳಗೆ ಹಳೆಯ ಕೈದಿಗಳ ದ್ವೀಪಗಳು ಕಾಣುತ್ತಿದ್ದವು. ರಾತ್ರಿ ಅಕ್ಕಿ ಬೇಯಿಸಿ, ಮನೆಯಿಂದ ತಂದ ಸಾರಿನ ಪುಡಿ ಕುದಿಸಿ ಉಣ್ಣುತ್ತಿದ್ದೆವು. ಹಗಲೆಲ್ಲ ಕ್ಲೀನ್ ರೂಮಿನ ವಾಸನೆಯಿಲ್ಲದ ಗಾಳಿಯಲ್ಲಿ ಕೆಲಸ ಮಾಡಿ ಬಂದವರಿಗೆ ಆ ಒಗ್ಗರಣೆಯ ಘಮ ಎಷ್ಟು ಬೇಕಾಗಿತ್ತು ಅನ್ನುವುದನ್ನು ಹೇಗೆ ಹೇಳಲಿ.

ಕಂಟೇನರ್ ತೆರೆದು ಮೊದಲು ನೋಡಿದ್ದು ಕುಲುಕಿನ ದಾಖಲೆ. ಆಮೇಲೆ ವಿದ್ಯುತ್ ತಂಡದವರು, ಪೇಲೋಡ್ ಅಂದರೆ ಟ್ರಾನ್ಸ್‌ಪಾಂಡರ್, ಆಂಟೆನಾಗಳ ತಂಡದವರು ತಮ್ಮ ತಮ್ಮ ಪರೀಕ್ಷೆ ಮಾಡಿಕೊಂಡರು. ನಮ್ಮದು ಸೋರಿಕೆ ಪರೀಕ್ಷೆ. ಕೊಳವೆಗೆ ಹೀಲಿಯಂ ಬಿಟ್ಟು, ಒಂದೊಂದು ಕೂಡುಜಾಗದ ಹತ್ತಿರ ಮೂಸುವ ಕೊಳವೆ ಹಿಡಿದು ಕೂರುವುದು. ಹೀಲಿಯಂ ಅಣು ತೀರ ಸಣ್ಣದು, ಬೇರೆ ಯಾವುದೂ ನುಸುಳದ ಕಡೆ ಅದು ನುಸುಳುತ್ತದೆ. ಅದು ಬರದಿದ್ದರೆ ಮಿಕ್ಕಿದ್ದು ಯಾವುದೂ ಬರುವುದಿಲ್ಲ. ಬೇಸರದ ಕೆಲಸ ಅಂತ ಹೊಸಬರು ಅಂದುಕೊಳ್ಳುತ್ತಾರೆ. ನನಗೆ ಇಡೀ ಅಭಿಯಾನದಲ್ಲಿ ಅತಿ ಇಷ್ಟದ ಕೆಲಸ ಅದೇ. ಉಪಗ್ರಹದ ಪಕ್ಕ ಅಷ್ಟು ಹತ್ತಿರ, ಅಷ್ಟು ಹೊತ್ತು, ಅಷ್ಟು ಮೌನವಾಗಿ ಕೂರುವ ಅವಕಾಶ ಬೇರೆ ಯಾವ ತಂಡಕ್ಕೂ ಇಲ್ಲ.

ಇಂಧನ ತುಂಬುವ ದಿನ ಬಂತು.

ನಮ್ಮ ಉಪಗ್ರಹದಲ್ಲಿ ಎರಡು ದ್ರವ. ಒಂದು ಮೊನೊಮೀಥೈಲ್ ಹೈಡ್ರಜೀನ್, ಅದು ಇಂಧನ. ಇನ್ನೊಂದು ಮಾನ್-3, ಅಂದರೆ ಸ್ವಲ್ಪ ನೈಟ್ರಿಕ್ ಆಕ್ಸೈಡ್ ಬೆರೆಸಿದ ನೈಟ್ರೋಜನ್ ಟೆಟ್ರಾಕ್ಸೈಡ್, ಅದು ಉರಿಸಲು ಬೇಕಾದ ಆಮ್ಲಜನಕ ಕೊಡುವ ಉತ್ಕರ್ಷಕ. ಇವೆರಡೂ ಒಂದನ್ನೊಂದು ಮುಟ್ಟಿದರೆ ಸಾಕು, ಕಿಡಿ ಬೇಕಿಲ್ಲ, ತಾವಾಗಿ ಹೊತ್ತಿಕೊಳ್ಳುತ್ತವೆ. ಬಾಹ್ಯಾಕಾಶದಲ್ಲಿ ಇಂಜಿನ್ ಮತ್ತೆ ಮತ್ತೆ ಹೊತ್ತಿಸಲು ಇದಕ್ಕಿಂತ ನಂಬಿಕಸ್ತ ಜೋಡಿ ಇಲ್ಲ, ನೆಲದ ಮೇಲೆ ಇದಕ್ಕಿಂತ ಭಯಂಕರ ಜೋಡಿಯೂ ಇಲ್ಲ. ಒಂದು ಉಸಿರು ಒಳಗೆ ಹೋದರೂ ಜೀವಕ್ಕೆ ಅಪಾಯ. ಹಾಗಾಗಿ ಒಂದನ್ನು ತುಂಬಿದ ದಿನ ಇನ್ನೊಂದು ಕೋಣೆಯ ಹತ್ತಿರವೂ ಬರುವಂತಿಲ್ಲ. ಒಂದು ತುಂಬಿ, ಕೊಳವೆ ಬಿಚ್ಚಿ, ತೊಳೆದು, ಗಾಳಿಯನ್ನು ಅಳೆದು, ಪೂರ್ತಿ ಶುದ್ಧ ಅಂತ ಖಾತ್ರಿಯಾದ ಮೇಲಷ್ಟೇ ಎರಡನೆಯದರ ಮಾತು. ಮಾನ್-3 ಇನ್ನೊಂದು ಕಾರಣಕ್ಕೂ ಕಷ್ಟದ್ದು. ಬಿಟ್ಟರೆ ಇಪ್ಪತ್ತೊಂದು ಡಿಗ್ರಿಗೇ ಕುದಿಯುತ್ತದೆ. ನಮ್ಮ ಕಡೆಯ ಬೆಳಗಿನ ಹತ್ತು ಗಂಟೆಯ ಬಿಸಿಲು ಸಾಕು ಅದಕ್ಕೆ. ಕೋಣೆಯ ತಂಪು, ದ್ರವದ ತಂಪು, ಟ್ಯಾಂಕಿನ ಒತ್ತಡ ಮೂರನ್ನೂ ಕಾಯುತ್ತಲೇ ಇರಬೇಕು.

ಸೂಟಿನೊಳಗೆ ಹೊಕ್ಕಮೇಲೆ ಜಗತ್ತು ಬೇರೆಯಾಗುತ್ತದೆ. ತಲೆಯಿಂದ ಕಾಲಿನವರೆಗೆ ಒಂದೇ ಚೀಲ, ಬೆನ್ನಿಗೆ ಗಾಳಿಯ ಕೊಳವೆ, ಕಿವಿಯಲ್ಲಿ ಗಾಳಿ ನುಗ್ಗುವ ಸದ್ದು ಬಿಟ್ಟರೆ ಇಯರ್‌ಫೋನಿನ ದನಿ ಮಾತ್ರ. ಒಬ್ಬರೇ ಎಂದೂ ಒಳಗೆ ಹೋಗುವಂತಿಲ್ಲ, ಯಾವಾಗಲೂ ಜೋಡಿ. ನಾನು ಕವಾಟ ಮುಟ್ಟುವ ಮುನ್ನ ನನ್ನ ಜೋಡಿ ಅದರ ಹೆಸರು ಓದಬೇಕು, ಹೊರಗಿನ ಕೋಣೆಯಿಂದ ಹಿರಿಯರು ಮತ್ತೆ ಓದಿ ಹೇಳಬೇಕು, ಆಮೇಲೆ ತಿರುಗಿಸುವುದು. ದಪ್ಪ ಕೈಗವಸಿನಲ್ಲಿ ಬೆರಳಿಗೆ ಸ್ಪರ್ಶವೇ ಗೊತ್ತಾಗುವುದಿಲ್ಲ, ಕಣ್ಣಿನಲ್ಲೇ ಮುಟ್ಟಬೇಕು. ಬೆವರು ಹುಬ್ಬಿನಿಂದ ಇಳಿದರೆ ಒರೆಸಿಕೊಳ್ಳುವಂತಿಲ್ಲ. ನಮ್ಮ ಹಿರಿಯರೊಬ್ಬರು ಅಭ್ಯಾಸದ ದಿನಗಳಲ್ಲಿ ಒಂದು ಮಾತು ಹೇಳಿಕೊಟ್ಟಿದ್ದರು: "ಅವಸರ ಅನ್ನಿಸಿದ ತಕ್ಷಣ ಕೈ ಎರಡೂ ಎದೆ ಮೇಲೆ ಇಟ್ಕೊಂಡು ನಿಂತುಬಿಡಿ ಮೇಡಂ. ಹತ್ತು ಎಣಿಸಿ. ಉಪಗ್ರಹ ಎಲ್ಲೂ ಓಡಿ ಹೋಗಲ್ಲ." ಅವತ್ತು ಎರಡು ಸಲ ಹಾಗೆ ನಿಂತೆ.

ಇಷ್ಟು ತುಂಬಿತು ಎಂದು ತಿಳಿಯಲು ಒಂದೇ ಲೆಕ್ಕ ನೆಚ್ಚುವುದಿಲ್ಲ. ಡಬ್ಬಿಯಿಂದ ಎಷ್ಟು ಇಳಿಯಿತು ಎಂದು ತಕ್ಕಡಿ ಹೇಳುತ್ತದೆ, ಕೊಳವೆಯಲ್ಲಿ ಎಷ್ಟು ಹರಿಯಿತು ಎಂದು ಮೀಟರ್ ಹೇಳುತ್ತದೆ, ಟ್ಯಾಂಕಿನ ಒತ್ತಡ ತನ್ನದೇ ಲೆಕ್ಕ ಕೊಡುತ್ತದೆ. ಮೂರೂ ಕೂಡಿ ಬರಬೇಕು. ಇಂಥ ಉಪಗ್ರಹಗಳ ತೂಕದಲ್ಲಿ ಸುಮಾರು ಅರ್ಧದಷ್ಟು ಈ ದ್ರವವೇ. ಟ್ಯಾಂಕಿನೊಳಗೆ ತೆಳು ಲೋಹದ ರೆಕ್ಕೆಗಳಿವೆ. ತೂಕವೇ ಇಲ್ಲದ ಕಡೆ ದ್ರವಕ್ಕೆ ತಳ ಯಾವುದು ಮೇಲು ಯಾವುದು ಗೊತ್ತಿರುವುದಿಲ್ಲವಲ್ಲ, ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಆ ರೆಕ್ಕೆಗಳು ದ್ರವವನ್ನು ಕೊಳವೆಯ ಬಾಯಿಗೆ ಎಳೆದು ತರುತ್ತವೆ. ಒಂದು ಗುಳ್ಳೆ ಇಂಜಿನ್ನಿಗೆ ಹೋಗಬಾರದು.

ಕೊನೆಗೆ ಹೀಲಿಯಂ. ಮೇಲೆ ದ್ರವವನ್ನು ಇಂಜಿನ್ ಕಡೆ ತಳ್ಳುವುದು ಇದೇ ಅನಿಲ, ಬೇರೆ ಪಂಪು ಇಲ್ಲ. ಇನ್ನೂರಕ್ಕೂ ಹೆಚ್ಚು ಬಾರ್ ಒತ್ತಡಕ್ಕೆ ಅದನ್ನು ಸಣ್ಣ ಉರುಟು ಟ್ಯಾಂಕುಗಳಲ್ಲಿ ತುರುಕುತ್ತೇವೆ. ಸೈಕಲ್ ಪಂಪು ಹೊಡೆದವರಿಗೆಲ್ಲ ಗೊತ್ತು, ಗಾಳಿ ಒತ್ತಿದರೆ ಬಿಸಿಯಾಗುತ್ತದೆ. ಹಾಗೆ ಬಿಸಿಯಾದ ಅನಿಲ ರಾತ್ರಿಯೆಲ್ಲ ತಣ್ಣಗಾಗುತ್ತದೆ, ತಣ್ಣಗಾದಂತೆ ಒತ್ತಡ ಇಳಿಯುತ್ತದೆ. ಒಂದು ಡಿಗ್ರಿಗೆ ಸುಮಾರು ಮುಕ್ಕಾಲು ಬಾರ್. ಇಳಿಯುತ್ತಿರುವುದು ತಂಪಿಗೋ, ಸೋರಿಕೆಗೋ? ಅಂಕಿ ನೋಡಿದರೆ ಗೊತ್ತಾಗುವುದಿಲ್ಲ, ಕಾಯಬೇಕು. ಅವತ್ತು ರಾತ್ರಿ ಪಾಳಿ ನನ್ನದು. ಅರ್ಧ ಗಂಟೆಗೊಮ್ಮೆ ಒತ್ತಡ, ಉಷ್ಣತೆ ಬರೆದುಕೊಂಡೆ. ಕಂಪ್ಯೂಟರ್ ಬರೆದುಕೊಳ್ಳುತ್ತಿತ್ತು, ಆದರೂ ನನ್ನ ಪುಸ್ತಕದಲ್ಲಿ ನನ್ನ ಕೈಯಿಂದ. ಹೊರಗೆ ಮಳೆ ತಗಡಿನ ಮೇಲೆ ಬಡಿಯುತ್ತಿತ್ತು. ಮೂರು ಗಂಟೆಯ ಹೊತ್ತಿಗೆ ಇಳಿತ ನಾನು ಅಂದಾಜಿಸಿದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಅನ್ನಿಸಿ ಹೊಟ್ಟೆಯಲ್ಲಿ ಕಸಿವಿಸಿ. ಟ್ಯಾಂಕಿನ ಗೋಡೆ ನಿಧಾನವಾಗಿ ತಣ್ಣಗಾಗುವ ಲೆಕ್ಕವನ್ನು ಮತ್ತೆ ಹಾಕಿದೆ. ಬೆಳಗಿನ ಹೊತ್ತಿಗೆ ಗೆರೆ ಸಮವಾಯಿತು. ಒತ್ತಡ ನಿಂತಿತು. ಸೋರಿಕೆ ಇರಲಿಲ್ಲ. ಆ ಕೊನೆಯ ಅಂಕಿಯ ಸುತ್ತ ಪೆನ್ನಿನಲ್ಲಿ ಒಂದು ಸುತ್ತು ಹಾಕಿದೆ.

ಆಮೇಲೆ ಕವಾಟದ ಮುಚ್ಚಳ ಬಿಗಿದು ಬೀಗದ ತಂತಿ ಸುತ್ತಿದೆವು. ಅದನ್ನು ಸುತ್ತುವಾಗ ಯಾರೂ ಮಾತಾಡಲಿಲ್ಲ. ಮನುಷ್ಯರ ಕೈ ಅಲ್ಲಿಗೆ ಮತ್ತೆ ಹೋಗುವುದಿಲ್ಲ. ಕಾರು ಕೆಟ್ಟರೆ ಬಾನೆಟ್ ಎತ್ತಬಹುದು, ಬಾವಿ ಪಂಪು ಕೆಟ್ಟರೆ ಮೇಲೆಳೆಯಬಹುದು. ಇದನ್ನು 15 ವರ್ಷ ಯಾರೂ ಮುಟ್ಟಲಾರರು. ಉಡಾವಣೆ ಅಂದರೆ ಜನ ಬೆಂಕಿಯನ್ನು ನೆನೆಯುತ್ತಾರೆ, ನನಗೆ ನೆನಪಾಗುವುದು ಆ ತಂತಿಯ ತಿರುಚು.

ಉಪಗ್ರಹವನ್ನು ರಾಕೆಟ್ಟಿನವರಿಗೆ ಒಪ್ಪಿಸುವ ಮುನ್ನ ಕೆಂಪು ಪಟ್ಟಿಗಳನ್ನು ತೆಗೆಯುತ್ತಾರೆ. ಹಾರುವ ಮುನ್ನ ಕಳಚಬೇಕಾದ ಮುಚ್ಚಳ, ಪಿನ್ನುಗಳಿಗೆಲ್ಲ ಉದ್ದನೆಯ ಕೆಂಪು ಬಟ್ಟೆ ಕಟ್ಟಿರುತ್ತದೆ. ಕಳಚಿದ್ದನ್ನೆಲ್ಲ ಮೇಜಿನ ಮೇಲೆ ಜೋಡಿಸಿ, ಪಟ್ಟಿಯ ಜೊತೆ ಎಣಿಸಿ, ಇಬ್ಬರು ಸಹಿ ಹಾಕಬೇಕು. ಒಂದು ಕಡಿಮೆ ಬಂದರೂ ರಾಕೆಟ್ ನಿಲ್ಲುತ್ತದೆ. ಪೂರ್ತಿ ಬಂತು.

ಜೂನ್ 19ರಂದು ಊಟಕ್ಕೆ ಕೂತಾಗ ತಂಡದ ಹಿರಿಯರು, ಇವತ್ತಿಗೆ 41 ವರ್ಷ ಅಂದರು. 1981ರ ಜೂನ್ 19ರಂದು ಇದೇ ಕೂರೂವಿನಿಂದ ಏರಿಯಾನ್ ರಾಕೆಟ್ಟಿನ ಮೂರನೇ ಹಾರಾಟದಲ್ಲಿ ನಮ್ಮ ಆ್ಯಪಲ್ ಉಪಗ್ರಹ ಹೋಗಿತ್ತು. ಎತ್ತಿನ ಗಾಡಿಯ ಮೇಲೆ ಕೂತ ಉಪಗ್ರಹದ ಆ ಚಿತ್ರ ನೋಡದ ಕನ್ನಡಿಗರಿರಲಿಕ್ಕಿಲ್ಲ. ಬೆಂಗಳೂರಿನಲ್ಲಿ ಆಂಟೆನಾ ಪರೀಕ್ಷೆಗೆ ಸುತ್ತ ಲೋಹವಿಲ್ಲದ ಬಂಡಿ ಬೇಕಾಗಿ ಹಾಗೆ ಮಾಡಿದ್ದು. ಆಗ ಬೆಂಗಳೂರಿನ ಉಪಗ್ರಹ ಕೇಂದ್ರವನ್ನು ನಡೆಸುತ್ತಿದ್ದವರು ಉಡುಪಿ ಹತ್ತಿರದ ಅದಮಾರಿನ ಯು.ಆರ್. ರಾವ್. ಆ್ಯಪಲ್‌ನ ಒಂದು ಸೌರಫಲಕ ಮೇಲೆ ಬಿಚ್ಚಿಕೊಳ್ಳಲೇ ಇಲ್ಲ. ಆದರೂ ಎರಡು ವರ್ಷಕ್ಕಿಂತ ಹೆಚ್ಚು ಅದರಿಂದ ಕೆಲಸ ತೆಗೆದರು. ಅದರ ತೂಕ 670 ಕೆ.ಜಿ. ನಾವು ತುಂಬಿದ ದ್ರವವೊಂದೇ ಅದರ ಸುಮಾರು ಮೂರು ಪಟ್ಟು ಇತ್ತು. ಅವರ ಕೈಯಲ್ಲಿ ಇದ್ದ ಸಲಕರಣೆಗಳನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಜೂನ್ 22. ನಮ್ಮನ್ನು ಹೊತ್ತದ್ದು ಏರಿಯಾನ್-5. ಇದರ ಹಿಂದಿನ ಏರಿಯಾನ್-5 ಆರು ತಿಂಗಳ ಕೆಳಗೆ, ಕ್ರಿಸ್‌ಮಸ್ ದಿನ, ಜೇಮ್ಸ್ ವೆಬ್ ದೂರದರ್ಶಕವನ್ನು ಕಳಿಸಿತ್ತು. ಮೂತಿಯೊಳಗೆ ಮೇಲುಗಡೆ ಮಲೇಷ್ಯಾದ ಮೀಸ್ಯಾಟ್-3ಡಿ, ಕೆಳಗಡೆ ನಮ್ಮದು. ನಾನು ಕಟ್ಟಡದ ಹೊರಗೆ ನಿಂತಿದ್ದೆ. ಸೂರ್ಯ ಮುಳುಗಿದ್ದ, ಬೆಳಕು ಇನ್ನೂ ಉಳಿದಿತ್ತು. ಧ್ವನಿವರ್ಧಕದಲ್ಲಿ ಫ್ರೆಂಚಿನಲ್ಲಿ ಎಣಿಕೆ. ಅಲ್ಲಿ ಸಂಜೆ 6:50, ಊರಲ್ಲಿ 23ರ ಬೆಳಗಿನ ಜಾವ 3:20. ನನ್ನ ತಮ್ಮ ಮೊಬೈಲಿನಲ್ಲಿ ಹಾಕಿಕೊಟ್ಟಿದ್ದನಂತೆ, ಅವ್ವ ಅಪ್ಪ ಇಬ್ಬರೂ ಎದ್ದು ಕೂತಿದ್ದರು.

ಮೊದಲು ನಡುವಿನ ಇಂಜಿನ್ ಹೊತ್ತಿಕೊಳ್ಳುತ್ತದೆ. ಏಳು ಸೆಕೆಂಡು ಅದರ ಆರೋಗ್ಯ ನೋಡಿ, ಸರಿ ಅನ್ನಿಸಿದರೆ ಮಾತ್ರ ಪಕ್ಕದ ಎರಡು ಬೂಸ್ಟರ್‌ಗಳಿಗೆ ಬೆಂಕಿ. ಅವು ಹೊತ್ತಿದ ಮೇಲೆ ನಿಲ್ಲಿಸುವ ದಾರಿಯಿಲ್ಲ. ಕಾಡಿನ ಮೇಲೆ ಬೆಳಕು ಎದ್ದಿತು, ಸದ್ದೇ ಇಲ್ಲದೆ. ಅದು ಮೋಡ ಸೇರುವ ಹೊತ್ತಿಗೆ ಸದ್ದು ನಮ್ಮನ್ನು ಮುಟ್ಟಿತು. ಕಿವಿಗಿಂತ ಮೊದಲು ಎದೆಗೆ ತಾಗಿತು. ಪಕ್ಕದಲ್ಲಿದ್ದ ಗೆಳತಿ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದು ಗೊತ್ತಾದದ್ದು ಅವಳು ಬಿಟ್ಟ ಮೇಲೆ.

ಎರಡು ನಿಮಿಷ ದಾಟಿ ಬೂಸ್ಟರ್ ಕಳಚಿದವು. ಒಂಬತ್ತು ನಿಮಿಷದ ಸುಮಾರಿಗೆ ಮುಖ್ಯ ಹಂತ. ಮೇಲಿನ ಹಂತ ಕಾಲು ಗಂಟೆ ಉರಿಯಿತು. ಮೀಸ್ಯಾಟ್ ಮೊದಲು ಇಳಿಯಿತು. ಆಮೇಲೆ ನಮ್ಮ ಸರದಿ ಬರುವವರೆಗಿನ ಹೊತ್ತು ಆ ರಾತ್ರಿ ಪಾಳಿಗಿಂತ ಉದ್ದ. ಹಾರಿ ಸುಮಾರು 40 ನಿಮಿಷಕ್ಕೆ ಜಿಸ್ಯಾಟ್-24 ಬೇರೆಯಾಯಿತು. ಸಭಾಂಗಣದಲ್ಲಿ ಚಪ್ಪಾಳೆ, ಅಪ್ಪುಗೆ. ನಾನು ಫೋನ್ ಹಿಡಿದು ಮೂಲೆಗೆ ಹೋದೆ.

ಆ ಕ್ಷಣದಿಂದ ಉಪಗ್ರಹ ಹಾಸನದ್ದು. ಸಾಲಗಾಮೆ ರಸ್ತೆಯಲ್ಲಿರುವ ಮುಖ್ಯ ನಿಯಂತ್ರಣ ಕೇಂದ್ರ. ಚಿಕ್ಕಂದಿನಲ್ಲಿ ಹಾಸನಕ್ಕೆ ಹೋದಾಗಲೆಲ್ಲ ಅಪ್ಪ ಬಸ್ಸಿನಲ್ಲೇ ಬೆರಳು ಮಾಡಿ ಆ ದೊಡ್ಡ ಬಿಳಿ ತಟ್ಟೆಗಳನ್ನು ತೋರಿಸುತ್ತಿದ್ದರು. ನಾನು ಈ ಕೆಲಸಕ್ಕೆ ಬಂದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಅಲ್ಲಿ ಪಾಳಿಯಲ್ಲಿದ್ದ ಹುಡುಗನಿಗೆ ಮೊದಲೇ ಹೇಳಿಟ್ಟಿದ್ದೆ: ಟೆಲಿಮೆಟ್ರಿ, ಅಂದರೆ ಉಪಗ್ರಹ ಕಳಿಸುವ ತನ್ನ ಅಂಕಿಗಳು, ಬಂದ ಕೂಡಲೆ ನನಗೆ ಹೀಲಿಯಂ ಒತ್ತಡ ಒಂದು ಹೇಳಪ್ಪ, ಜೊತೆಗೆ ಟ್ಯಾಂಕಿನ ಉಷ್ಣತೆ. ಫೋನ್ ಬಂತು. "ಮೇಡಂ, ಸಿಗ್ನಲ್ ಸಿಕ್ತು. ಬರ್ಕೊಳ್ಳಿ." ಬರೆದುಕೊಂಡೆ. ನಾನು ಸುತ್ತು ಹಾಕಿದ ಅಂಕಿಗಿಂತ ಕಡಿಮೆ ಇತ್ತು. ಡಿಗ್ರಿಗೆ ಮುಕ್ಕಾಲು ಬಾರ್ ಅಂತ ಗುಣಿಸಿ ಕೂಡಿದೆ. ಸರಿಹೋಯಿತು. ಗೋಡೆಗೆ ಒರಗಿ ಸ್ವಲ್ಪ ಹೊತ್ತು ಹಾಗೇ ನಿಂತೆ.

ರಾಕೆಟ್ ಬಿಟ್ಟು ಬಂದದ್ದು ಮೊಟ್ಟೆಯಂಥ ಉದ್ದನೆಯ ಕಕ್ಷೆಯಲ್ಲಿ. ಒಂದು ತುದಿ ಭೂಮಿಗೆ 250 ಕಿ.ಮೀ. ಹತ್ತಿರ, ಇನ್ನೊಂದು ತುದಿ ಭೂಸ್ಥಿರ ಎತ್ತರದಲ್ಲಿ. ಆ ಎತ್ತರದ ತುದಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1.6 ಕಿ.ಮೀ., ಅಲ್ಲೇ ಉಳಿಯಲು ಬೇಕಾದದ್ದು 3 ಕಿ.ಮೀ.ಗೆ ಸ್ವಲ್ಪ ಜಾಸ್ತಿ. ಮಧ್ಯದ ಕೊರತೆಯನ್ನು ತುಂಬಬೇಕಾದದ್ದು ನಮ್ಮ ಇಂಜಿನ್, ನಾವು ಲ್ಯಾಮ್ ಅನ್ನುವುದು. ಅದರ ಬಲ 440 ನ್ಯೂಟನ್, ಅಂದರೆ ನೆಲದ ಮೇಲೆ 45 ಕೆ.ಜಿ.ಯ ಒಂದು ರಾಗಿ ಮೂಟೆ ಎತ್ತುವಷ್ಟು. ಅಷ್ಟು ಸಣ್ಣ ಬಲದಲ್ಲಿ ನಾಲ್ಕು ಟನ್ ತಳ್ಳಬೇಕಾದ್ದರಿಂದ ಒಂದೇ ಸಲಕ್ಕೆ ಆಗುವುದಿಲ್ಲ. ದೂರದ ತುದಿಗೆ ಬಂದಾಗಲೆಲ್ಲ ದೀರ್ಘ ಹೊತ್ತು ಉರಿಸಿ, ಸಾಕು ಮಾಡಿ, ಅಳೆದು, ಮತ್ತೆ ಉರಿಸುತ್ತಾರೆ. ಆಮೇಲಷ್ಟೇ ಆಂಟೆನಾ ತಟ್ಟೆಗಳನ್ನು ಬಿಚ್ಚುವ ಕೆಲಸ, ಪೇಲೋಡ್ ಪರೀಕ್ಷೆ.

ಮೊದಲ ಉರಿತದ ಸುದ್ದಿ ಬಂದಾಗ ನಾವು ಖಾಲಿ ಕೋಣೆಯಲ್ಲಿ ಸಾಮಾನು ಕಟ್ಟುತ್ತಿದ್ದೆವು. ಕೊಳವೆಗಳನ್ನು ತೊಳೆದು ಸುತ್ತಿ ಪೆಟ್ಟಿಗೆಗೆ ಇಡಬೇಕಿತ್ತು, ಪ್ರತಿಯೊಂದಕ್ಕೂ ಚೀಟಿ ಅಂಟಿಸಬೇಕಿತ್ತು. ಉಪಗ್ರಹ ಬಂದಿದ್ದ ಕಂಟೇನರ್ ಬಾಯಿ ತೆರೆದುಕೊಂಡು ನಿಂತಿತ್ತು. ಕುಲುಕು ಬರೆಯುವ ಯಂತ್ರವನ್ನು ಯಾರೋ ಆಗಲೇ ಆಫ್ ಮಾಡಿದ್ದರು. ಹಾಸನದ ಹುಡುಗ ಫೋನಿನಲ್ಲಿ, "ಲ್ಯಾಮ್ ಚೆನ್ನಾಗಿ ಉರೀತು ಮೇಡಂ, ಲೆಕ್ಕ ಹಾಕಿದ್ದಕ್ಕೆ ಸರಿಯಾಗಿ ಬಂತು. ಎರಡೂ ಟ್ಯಾಂಕಿನ ಒತ್ತಡ ಓದಲಾ?" ಅಂದ. ಒಂದು ನಿಮಿಷ ಇರಪ್ಪ ಅಂದು, ಕೈಗವಸು ತೆಗೆದು, ಪುಸ್ತಕ ಬಿಚ್ಚಿದೆ. ಸುತ್ತು ಹಾಕಿದ ಅಂಕಿಯ ಕೆಳಗೆ ಜಾಗ ಇತ್ತು.

"ಹ್ಞೂಂ, ಹೇಳು" ಅಂದೆ.